ಅಣಬೆಯ ಬೇಸಾಯ: ಲಾಭವು ಸೋರಿಹೋಗುವುದೆಲ್ಲಿ?

ಅಣಬೆಯನ್ನು ಬೆಳೆದರೆ ಹಳ್ಳಿಯ ಬಡತನವು ನೀಗುವುದೆಂದು ಹೇಳುವವರ ಸಂಖ್ಯೆಯು ಈಚಿನ ವರ್ಷಗಳಲ್ಲಿ ಹೆಚ್ಚುತ್ತಿದೆ. ಅದಕ್ಕೆ ಹೊಲ ಬೇಡ, ಎತ್ತು ಬೇಡ, ಬಿಸಿಲು ಸಹ ಬೇಡ. ಒಂದು ನೆರಳಿನ ಕೋಣೆ, ಒಂದೆರಡು ಹೊರೆ ಹುಲ್ಲು, ನಾಲ್ಕು ಕೊಡ ನೀರು ಇದ್ದರೆ ಸಾಕು, ತಿಂಗಳು ಕಳೆಯುವುದರೊಳಗಾಗಿ ತೊಲೆಗೆ ತೂಗುಹಾಕಿದ ಚೀಲಗಳಿಂದ ಹಣವು ಉದುರುವುದೆಂದು ತರಬೇತಿಯ ಸಭೆಗಳಲ್ಲಿ ವಿವರಿಸಲಾಗುತ್ತದೆ. ಸಭೆಯ ಕೊನೆಗೆ ಪ್ರಮಾಣಪತ್ರಗಳನ್ನು ಹಂಚಿ, ಭಾವಚಿತ್ರವನ್ನು ತೆಗೆಯಿಸಿಕೊಂಡು ಎಲ್ಲರೂ ಹಿಂದಿರುಗುವರು. ಅನಂತರ ನಡೆಯುವುದೇನೆಂದು ವಿಚಾರಿಸುವವರು ವಿರಳ. ಈ ಕಸುಬು ಬರಿಯ ಮೋಸವೆಂದು ಜರೆಯುವವರ ಪಕ್ಷಕ್ಕೆ ನಾವು ಸೇರಿದವರಲ್ಲ. ಇದು ಕಾಮಧೇನುವೆಂದು ಕೊಂಡಾಡುವವರ ಪಕ್ಷಕ್ಕೂ ಸೇರಿದವರಲ್ಲ. ಇದರಲ್ಲಿ ಲಾಭವುಂಟು. ಆದರೆ ಆ ಲಾಭವು ಬೆಳೆದವಳ ಸೆರಗಿಗೆ ಬೀಳುವ ಮೊದಲೇ ಎರಡು ತೂತುಗಳಲ್ಲಿ ಸೋರಿಹೋಗುತ್ತದೆ. ಆ ತೂತುಗಳಾವುವೆಂಬುದನ್ನು ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆ ಹೋಬಳಿಯನ್ನು ಮುಂದಿಟ್ಟುಕೊಂಡು ವಾಚಕರ ಗಮನಕ್ಕೆ ತರಬಯಸುತ್ತೇವೆ.

ಅಂತರಸಂತೆಯನ್ನೇ ಆರಿಸಿದುದಕ್ಕೆ ಕಾರಣವಿದೆ. ಈ ಕಸುಬಿಗೆ ಬೇಕಾದ ಅನುಕೂಲಗಳೂ ಇದನ್ನು ಕೆಡಿಸತಕ್ಕ ಅನನುಕೂಲಗಳೂ ಅಲ್ಲಿ ಒಟ್ಟಿಗೆ ಕೂಡಿಬಂದಿವೆ. ಮೈಸೂರಿನಿಂದ ಮಾನಂದವಾಡಿಗೆ ಹೋಗುವ ದಾರಿಯಲ್ಲಿರುವ ಈ ಊರಿಗೆ ಒಂದು ಕಡೆ ನಾಗರಹೊಳೆಯ ಕಾಡು, ಇನ್ನೊಂದು ಕಡೆ ಕಬಿನಿಯ ಹಿನ್ನೀರು. 1974ರಲ್ಲಿ ಕಬಿನಿಯ ಅಣೆಕಟ್ಟು ಮುಗಿದಾಗ ಮುಳುಗಿದ ನೆಲವು ಈ ತಾಲ್ಲೂಕಿನದು; ಅದರ ನೀರಿನಿಂದ ಹಸಿರಾದ ಗದ್ದೆಗಳು ಬಹುಮಟ್ಟಿಗೆ ಕೆಳಗಣ ತಾಲ್ಲೂಕುಗಳವು. ಇಲ್ಲಿಯ ರೈತನು ಮಳೆಯನ್ನು ನಂಬಿ ರಾಗಿ, ಹತ್ತಿ, ಮುಸುಕಿನ ಜೋಳ, ಹೊಗೆಸೊಪ್ಪುಗಳನ್ನು ಬೆಳೆಯುತ್ತಾನೆ; ಬೆಳೆದುದನ್ನು ಆನೆಯಿಂದಲೂ ಹಂದಿಯಿಂದಲೂ ಕಾಯಲು ರಾತ್ರಿಯನ್ನು ಅಟ್ಟಣೆಯ ಮೇಲೆ ಕಳೆಯುತ್ತಾನೆ. ಕಾಡಿನ ಅಂಚಿನ ಹಾಡಿಗಳಲ್ಲಿರುವ ಜೇನುಕುರುಬರು, ಕಾಡುಕುರುಬರು, ಯರವರ ಪೈಕಿ ಎಷ್ಟೋ ಮಂದಿಗೆ ಕಾಯುವುದಕ್ಕೆ ಹೊಲವೂ ಇಲ್ಲ. ಅವರಲ್ಲಿ ಅನೇಕರು ವರ್ಷದ ಕೆಲವು ತಿಂಗಳು ಕೊಡಗಿನ ಕಾಫಿ ತೋಟಗಳ ಕೂಲಿಯನ್ನು ಅವಲಂಬಿಸುವವರು. ಹೊಲವಿಲ್ಲದವರು ಬೆಳೆಯಬಹುದಾದ, ಆನೆಯು ತುಳಿಯಲಾರದ, ತಾಯಿಯಾದವಳು ಮಕ್ಕಳನ್ನು ಬಿಟ್ಟು ಘಟ್ಟ ಹತ್ತದೆ ನೋಡಿಕೊಳ್ಳಬಹುದಾದ ಬೆಳೆಯೊಂದಿದ್ದರೆ ಅದರ ವಿಚಾರವನ್ನು ಲಘುವಾಗಿ ಕಾಣುವುದು ತರವಲ್ಲ.

ಅಣಬೆಯು ಈ ಸೀಮೆಗೆ ಹೊಸತೇನೂ ಅಲ್ಲ. ಮುಂಗಾರಿನ ಗುಡುಗು ಕೇಳಿಸಿದೊಡನೆ ಹುತ್ತದ ಬಳಿ ಅಣಬೆ ಎದ್ದಿತೇ ಎಂದು ನೋಡಿಬರುವುದು ಹಾಡಿಯ ಮಕ್ಕಳಿಗೂ ಗೊತ್ತು. ಆ ಹುತ್ತದಣಬೆಯ ರುಚಿಗೆ ಸಮನಾದುದಿಲ್ಲವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಅದನ್ನು ಸಾಕುವುದು ಗೆದ್ದಲು. ತನ್ನ ಹುತ್ತದೊಳಗೆ ಅದಕ್ಕೆಂದೇ ಹಾಸಿಗೆಯನ್ನು ಮಾಡಿ ಬೆಳೆಸುತ್ತದೆ. ಆ ವಿದ್ಯೆಯನ್ನು ಗೆದ್ದಲಿನಿಂದ ಕಲಿತು ಕೋಣೆಯೊಳಗೆ ಲಾಭಕ್ಕೆ ಬೆಳೆಯುವುದು ಮನುಷ್ಯನಿಗೆ ಇನ್ನೂ ಸಾಧ್ಯವಾಗಿಲ್ಲ. ಕಾಡಿನಲ್ಲಿ ಆಯುವುದಕ್ಕೆ ಅರಣ್ಯದ ಕಟ್ಟುಪಾಡುಗಳು ಅಡ್ಡಬರುತ್ತವೆ. ಮಳೆಗಾಲದಲ್ಲಿ ಅರಿಯದೆ ವಿಷದ ಅಣಬೆಯನ್ನು ತಿಂದು ಪ್ರಾಣ ಕಳೆದುಕೊಳ್ಳುವ ಅಪಾಯವೂ ಇದೆ. ಆದುದರಿಂದ ನಾವಿಲ್ಲಿ ಹೇಳತಕ್ಕುದು ಹುಲ್ಲಿನ ಮೇಲೆ ಬೆಳೆಯುವ ಚಿಪ್ಪಣಬೆಯನ್ನು ಕುರಿತು.

ಈ ಚಿಪ್ಪಣಬೆಯ ವಿಷಯದಲ್ಲಿ ಮೈಸೂರಿಗರೇ ಮರೆತಿರುವ ಒಂದು ಸಂಗತಿಯಿದೆ. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಸ್ಥಾಪಿತವಾಯಿತಷ್ಟೆ. ಅಲ್ಲಿಯ ವಿಜ್ಞಾನಿಗಳಾದ ಝಾಕಿಯಾ ಬಾನೊ ಮತ್ತು ಶ್ರೀವಾಸ್ತವರು ಬತ್ತದ ಹುಲ್ಲಿನ ಮೇಲೆ ಚಿಪ್ಪಣಬೆಯನ್ನು ಬೆಳೆಸುವ ಕ್ರಮವನ್ನು ಪ್ರಯೋಗಿಸಿ 1962ರಲ್ಲಿ ಪ್ರಕಟಿಸಿದರು. ಹಿಮಾಚಲದ ಸೋಲನ್‌ನಲ್ಲಿ ಅಣಬೆಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವು ಏರ್ಪಟ್ಟುದು 1983ರಲ್ಲಿ. ಅದಕ್ಕಿಂತ ಎರಡು ದಶಕಗಳ ಮೊದಲೇ ನಮ್ಮ ಊರಿನಲ್ಲಿ ಈ ವಿದ್ಯೆಯು ಕೈಗೂಡಿತ್ತು. ಇಂದು ಒಡಿಶಾ, ಬಿಹಾರಗಳ ಹಳ್ಳಿಯ ಹೆಂಗಸರು ಅಣಬೆಯನ್ನು ಬೆಳೆದು ಹೆಸರು ಮಾಡಿದ್ದಾರೆ. ಅಂತರಸಂತೆಯು ಮೈಸೂರಿನಿಂದ ಅರವತ್ತು ಎಪ್ಪತ್ತು ಕಿಲೋಮೀಟರುಗಳಿಗೆ ಹೆಚ್ಚಿಲ್ಲ. ಅರವತ್ತು ವರ್ಷಗಳಲ್ಲಿ ಒಂದು ವಿದ್ಯೆಯು ವರ್ಷಕ್ಕೊಂದು ಕಿಲೋಮೀಟರಿನಂತೆ ನಡೆದಿದ್ದರೂ ಈ ವೇಳೆಗೆ ಅಲ್ಲಿ ತಳವೂರಿರಬೇಕಾಗಿತ್ತು!

ಕೆಲಸದ ಕ್ರಮವನ್ನು ಸಂಕ್ಷೇಪವಾಗಿ ತಿಳಿಸುತ್ತೇವೆ. ಒಣಹುಲ್ಲನ್ನು ಬೆರಳುದ್ದಕ್ಕೆ ಕತ್ತರಿಸಿ, ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಸಿ, ಕುದಿಗೆ ಸಮೀಪವಾದ ಬಿಸಿನೀರಿನಲ್ಲಿ ಅದ್ದಿ ಅದರಲ್ಲಿರುವ ಬೂಷ್ಟಿನ ಬೀಜಗಳನ್ನು ಕೊಲ್ಲಬೇಕು. ನೀರು ಬಸಿದು ಆರಿದ ಹುಲ್ಲನ್ನು ಚೀಲದೊಳಗೆ ಪದರ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ಬೀಜವನ್ನು ಉದುರಿಸಿ, ಬಾಯಿಕಟ್ಟಿ, ಗಾಳಿಗೆ ಸಣ್ಣ ರಂಧ್ರಗಳನ್ನು ಮಾಡಿ ಕತ್ತಲೆಯ ಕೋಣೆಯಲ್ಲಿಡಬೇಕು. ಹದಿನೈದು ಇಪ್ಪತ್ತು ದಿನಗಳಲ್ಲಿ ಹುಲ್ಲೆಲ್ಲ ಹತ್ತಿಯಂತೆ ಬಿಳುಪಾಗುತ್ತದೆ. ಆಗ ಚೀಲವನ್ನು ಸೀಳಿ, ದಿನಕ್ಕೆರಡು ಮೂರು ಸಲ ನೀರು ಚಿಮುಕಿಸಿ, ಗಾಳಿಬೆಳಕುಗಳಿಗೆ ಸ್ವಲ್ಪ ಎಡೆಗೊಟ್ಟರೆ ವಾರದೊಳಗೆ ಮೊದಲ ಬೆಳೆ. ಅಲ್ಲಿಂದಾಚೆಗೆ ಎರಡು ಬೆಳೆ. ಐವತ್ತು ದಿನಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಇದಕ್ಕೆ ಬೇಕಾದುದು ಇಪ್ಪತ್ತರಿಂದ ಇಪ್ಪತ್ತೆಂಟು ಡಿಗ್ರಿಗಳ ಹವೆ ಮತ್ತು ತೇವ. ಕೇರಳದ ಮಳೆಯ ಸೆರಗು ಬೀಸುವ ಅಂತರಸಂತೆಯಲ್ಲಿ ಜೂನ್‌ನಿಂದ ಫೆಬ್ರವರಿಯವರೆಗೆ ಅದಕ್ಕೆ ತೊಂದರೆಯಿಲ್ಲ. ಬೇಸಿಗೆಯ ತಿಂಗಳುಗಳಿಗೆ ಶಾಖವನ್ನು ತಡೆಯತಕ್ಕ ಹಾಲಣಬೆಯಿದೆ. ಅದರ ಬೇಸಾಯವನ್ನು ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದವರು ರೂಢಿಗೆ ತಂದಿದ್ದಾರೆ. ಪಟ್ಟಣದ ಹೋಟೆಲುಗಳಲ್ಲಿ ಬೇಡಿಕೆಯಿರುವ ಗುಂಡಿ ಅಣಬೆಗೆ ಮಾತ್ರ ತಣ್ಣನೆಯ ಕೋಣೆ, ಹದಮಾಡಿದ ಗೊಬ್ಬರ, ಬಿಡದ ವಿದ್ಯುತ್ತು ಬೇಕಾಗುವುದರಿಂದ ಅದು ಬಂಡವಾಳಗಾರರ ಬೆಳೆ. ಹಾಡಿಯ ಗುಡಿಸಿಲಿಗೆ ಅದನ್ನು ಉಪದೇಶಿಸುವವರು ಹಾಡಿಯನ್ನು ಕಂಡವರಾಗಿರಲಾರರು.

ಇನ್ನು ಲೆಕ್ಕಕ್ಕೆ ಬರುವೆವು. ಒಂದು ಮನೆಯವರು ನೂರು ಚೀಲಗಳನ್ನು ಕಟ್ಟಿದರೆಂದು ಇಟ್ಟುಕೊಳ್ಳೋಣ. ಬೆಲೆಗಳು ಊರಿನಿಂದೂರಿಗೆ ವ್ಯತ್ಯಾಸವಾಗುವುದರಿಂದ ನಾವು ಇಲ್ಲಿ ಹಿಡಿದಿರುವುದು ಲೆಕ್ಕದ ಅನುಕೂಲಕ್ಕಾಗಿ ಮಾಡಿದ ಅಂದಾಜು ಮಾತ್ರ. ವಾಚಕರು ತಮ್ಮ ಊರಿನ ದರವನ್ನು ಹಾಕಿ ನೋಡಿಕೊಳ್ಳಬಹುದು. ಚೀಲಕ್ಕೊಂದು ಕಿಲೋದಂತೆ ನೂರು ಕಿಲೋ ಒಣಹುಲ್ಲಿಗೆ 600 ರೂಪಾಯಿ. ಚೀಲಕ್ಕೆ ನೂರು ಗ್ರಾಮಿನಂತೆ ಹತ್ತು ಕಿಲೋ ಬೀಜಕ್ಕೆ 1,000. ಚೀಲ, ದಾರಗಳಿಗೆ 300. ಸೌದೆ, ಚಿಲ್ಲರೆ ಸಾಮಾನುಗಳಿಗೆ 400. ಒಟ್ಟು 2,300 ರೂಪಾಯಿ. ಒಂದು ಕಿಲೋ ಒಣಹುಲ್ಲಿಗೆ ಅರ್ಧ ಕಿಲೋದಿಂದ ಒಂದು ಕಿಲೋದವರೆಗೆ ಹಸಿ ಅಣಬೆಯು ಬರುವುದೆಂದು ಬಲ್ಲವರು ಹೇಳುತ್ತಾರೆ. ನಾವು 600 ಗ್ರಾಮನ್ನು ಹಿಡಿದರೆ ನೂರು ಚೀಲಕ್ಕೆ 60 ಕಿಲೋ. ಕಿಲೋಗೆ 150 ರೂಪಾಯಿಯಂತೆ 9,000 ರೂಪಾಯಿ. ಖರ್ಚನ್ನು ಕಳೆದರೆ ಉಳಿಯುವುದು 6,700.

ತರಬೇತಿಯ ಸಭೆಯು ಸಾಮಾನ್ಯವಾಗಿ ಇಲ್ಲಿಗೆ ಮುಕ್ತಾಯವಾಗುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಬೆಳೆದವಳ ದುಡಿಮೆಗೆ ಬೆಲೆಯನ್ನು ಹಿಡಿದಿಲ್ಲವೆಂಬುದು ಯಾರ ಗಮನಕ್ಕೂ ಬರುವುದಿಲ್ಲ. ದಿನಕ್ಕೆರಡು ಗಂಟೆಯಂತೆ ಐವತ್ತು ದಿನಗಳಿಗೆ ನೂರು ಗಂಟೆ, ಎಂದರೆ ಹನ್ನೆರಡೂವರೆ ದಿನಗಳ ಪೂರ್ಣ ಕೆಲಸ. 2025-26ರಲ್ಲಿ ಕರ್ನಾಟಕಕ್ಕೆ ಗೊತ್ತುಮಾಡಿದ ಉದ್ಯೋಗ ಖಾತರಿಯ ದಿನಗೂಲಿಯು 370 ರೂಪಾಯಿ. ಆ ದರದಲ್ಲಿ ಅವಳ ಕೂಲಿಯೇ 4,625 ರೂಪಾಯಿ. ಅದನ್ನು ಕಳೆದ ಮೇಲೆಯೂ ಎರಡು ಸಾವಿರ ರೂಪಾಯಿ ಉಳಿಯುವುದು ನಿಜವಾದ ಲಾಭ. ಸಣ್ಣ ಮೊತ್ತವೆಂದು ಪಟ್ಟಣದವರು ನಗಬಹುದು. ಆದರೆ ಹೊಲೆಗದ್ದೆಯಿಲ್ಲದ ಮನೆಯಲ್ಲಿ, ಮನೆಯ ಬಾಗಿಲನ್ನು ದಾಟದೆ, ಮಗುವಿಗೆ ಉಣಿಸುವುದರ ನಡುವೆ, ಕೂಲಿಗೆ ಕಡಿಮೆಯಿಲ್ಲದ ಸಂಪಾದನೆಯಾದರೆ ಅದು ಅಲ್ಪವೇ?

ಹಾಗಾದರೆ ದೋಷವೆಲ್ಲಿ? ಅದೇ ನೂರು ಚೀಲಗಳಲ್ಲಿ ಇಪ್ಪತ್ತೈದು ಹಸಿರು ಬೂಷ್ಟು ಹಿಡಿದು ಹಾಳಾದುವೆಂದು ಭಾವಿಸೋಣ. ಉಳಿದ ಚೀಲಗಳಲ್ಲಿ ಬಂದುದು 45 ಕಿಲೋ. ಅದರಲ್ಲಿ 9 ಕಿಲೋ ಕೊಳ್ಳುವವರಿಲ್ಲದೆ ಕಪ್ಪಾಯಿತು. ಮಾರಿದುದು 36 ಕಿಲೋ, ಬಂದ ಹಣ 5,400. ಮಾರಲು ಓಡಾಡಿದ ಬಸ್ಸಿನ ಖರ್ಚು 500 ಸೇರಿ ವೆಚ್ಚವು 2,800. ಮಿಕ್ಕುದು 2,600, ದಿನದ ಕೂಲಿಯು 208 ರೂಪಾಯಿಗೆ ಇಳಿಯಿತು. ದಲ್ಲಾಳಿಯು ಸಂಜೆಯ ಹೊತ್ತಿಗೆ ಬಂದು, ನಾಳೆಗೆ ಇದು ನಿಲ್ಲುವುದಿಲ್ಲವೆಂಬುದನ್ನು ಬಲ್ಲವನಾದುದರಿಂದ, 150ರ ಬದಲು 120ಕ್ಕೆ ಕೇಳಿದನೆಂದರೆ ಮಿಕ್ಕುದು 1,520. ದಿನಕ್ಕೆ 122 ರೂಪಾಯಿಯೂ ಬೀಳಲಿಲ್ಲ. ಗುಡಿಸಿಲನ್ನು ಕಟ್ಟಿದ ಖರ್ಚನ್ನೂ ಸಾಲದ ಬಡ್ಡಿಯನ್ನೂ ನಾವಿನ್ನೂ ಹಿಡಿದೇ ಇಲ್ಲ. ಹುಲ್ಲು ಅದೇ, ಕೈ ಅದೇ, ಕೋಣೆ ಅದೇ. ಕೆಟ್ಟ ಬೀಜವೊಂದು, ಇಲ್ಲದ ಮಾರುಕಟ್ಟೆಯೊಂದು, ಈ ಎರಡು ತೂತುಗಳಲ್ಲಿ ಲಾಭವೆಲ್ಲ ಸೋರಿಹೋಯಿತು. ಎರಡನೆಯ ಸುತ್ತಿಗೆ ಆ ಮನೆಯವರು ಚೀಲವನ್ನು ಕಟ್ಟದಿದ್ದರೆ ಅವರನ್ನು ಸೋಮಾರಿಗಳೆಂದು ವರದಿಯಲ್ಲಿ ಬರೆಯುವುದು ಯಾವ ನ್ಯಾಯ?

ಮೊದಲು ಬೀಜದ ಮಾತು. ಅಣಬೆಯ ಬೀಜವು ರಾಗಿಯ ಬೀಜದಂತೆ ಕಣಜದಲ್ಲಿ ಕಟ್ಟಿಡತಕ್ಕ ವಸ್ತುವಲ್ಲ. ಬೇಯಿಸಿದ ಜೋಳ ಅಥವಾ ಗೋದಿಯನ್ನು ಆವಿಯ ಒತ್ತಡದ ಯಂತ್ರದಲ್ಲಿ 121 ಡಿಗ್ರಿಗಳ ಶಾಖಕ್ಕೆ ಒಡ್ಡಿ, ಅದರ ಮೇಲೆ ಶುದ್ಧವಾದ ತಾಯಿಬೀಜವನ್ನು ಹಬ್ಬಿಸಿ ಸಿದ್ಧಪಡಿಸಿದ, ಜೀವವಿರುವ ಪದಾರ್ಥವದು. ಒಂದು ತಿಂಗಳೊಳಗೆ ಬಿತ್ತಿದರೆ ಉತ್ತಮ. ಬಿಸಿಲಿಗೆ ಸಿಕ್ಕಿತೆಂದರೆ ಕಸುವನ್ನು ಕಳೆದುಕೊಳ್ಳುತ್ತದೆ. ಮೈಸೂರಿನಿಂದಲೋ ಬೆಂಗಳೂರಿನ ಹೆಸರಘಟ್ಟದಿಂದಲೋ ಬಸ್ಸಿನ ಮಾಳಿಗೆಯ ಮೇಲೆ ಬಂದು, ಹ್ಯಾಂಡ್‌ಪೋಸ್ಟಿನ ಅಂಗಡಿಯಲ್ಲಿ ಎರಡು ದಿನ ಕುಳಿತು, ಅಲ್ಲಿಂದ ಹಾಡಿಗೆ ತಲುಪುವಷ್ಟರಲ್ಲಿ ಬೀಜದ ಗತಿಯೇನಾಗಿರಬೇಕು? ಹುಲ್ಲನ್ನು ಸರಿಯಾಗಿ ಬೇಯಿಸದೆ ಬೂಷ್ಟು ಹಿಡಿಸಿಕೊಳ್ಳುವವರೂ ಉಂಟು, ಅದು ಬೆಳೆಯುವವರ ತಪ್ಪು; ಅಭ್ಯಾಸದಿಂದ ತಿದ್ದಿಹೋಗುತ್ತದೆ. ಸತ್ತ ಬೀಜವನ್ನು ಬದುಕಿಸುವ ಅಭ್ಯಾಸ ಮಾತ್ರ ಯಾರಿಗೂ ಬಾರದು.

ಮೈಸೂರು ಸೀಮೆಯಲ್ಲಿ ಇಂತಹ ತೊಡಕನ್ನು ಬಿಡಿಸಿದ ಮೇಲ್ಪಂಕ್ತಿಯಿದೆ. ರೇಷ್ಮೆಯ ಹುಳುವೂ ಸೂಕ್ಷ್ಮ ಪ್ರಾಣಿಯೇ. ಮೊಟ್ಟೆಯು ರೋಗದ್ದಾಗಿದ್ದರೆ ಎಷ್ಟು ಹಿಪ್ಪುನೇರಳೆ ಸೊಪ್ಪನ್ನು ಸುರಿದರೂ ಗೂಡು ಕಟ್ಟಲಾರದು. ಅದನ್ನರಿತು ಹಿಂದಿನವರು ಮೊಟ್ಟೆಯ ತಯಾರಿಕೆಯನ್ನು ಬಿತ್ತನೆ ಕೋಠಿಗಳಿಗೆ ಒಪ್ಪಿಸಿದರು. 1959ರ ಶಾಸನದ ಮೂಲಕ ಬಿತ್ತನೆಯ ಉತ್ಪತ್ತಿಯನ್ನೂ ಗೂಡಿನ ವ್ಯಾಪಾರವನ್ನೂ ಕಟ್ಟಿಗೆ ಒಳಪಡಿಸಿದರು. ಅಲ್ಲಿಂದೀಚೆಗೆ ಚಾಕಿ ಕೇಂದ್ರಗಳು ಬಂದುವು. ಮರಿಹುಳುವನ್ನು ಎರಡನೆಯ ಜ್ವರದವರೆಗೆ ಬಲ್ಲವರು ಒಂದೆಡೆ ಸಾಕಿ, ಗಟ್ಟಿಯಾದ ಮೇಲೆ ರೈತನ ಮನೆಗೆ ಕೊಡುತ್ತಾರೆ. ಅಪಾಯದ ದಿನಗಳು ಅಷ್ಟರಲ್ಲಿ ಕಳೆದಿರುತ್ತವೆ. ಅಣಬೆಗೂ ಇದೇ ದಾರಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೀಜವು ಪೂರ್ಣವಾಗಿ ಹಬ್ಬಿದ, ಇನ್ನು ಫಲ ಬಿಡುವುದಷ್ಟೇ ಬಾಕಿಯಿರುವ ಚೀಲಗಳ ಕ್ರಮವನ್ನು ಪ್ರಚಾರಕ್ಕೆ ತಂದಿದ್ದಾರೆ. ಅಂತಹ ಚೀಲಗಳನ್ನು ಹೆಗ್ಗಡದೇವನಕೋಟೆಯಲ್ಲಿಯೇ ಒಂದು ಕೇಂದ್ರದಲ್ಲಿ ಸಿದ್ಧಮಾಡಿ ಹಾಡಿಗಳಿಗೆ ಹಂಚಿದರೆ, ಬೂಷ್ಟಿನ ನಷ್ಟವು ಕೇಂದ್ರದ ಗೋಡೆಯೊಳಗೇ ನಿಲ್ಲುತ್ತದೆ. ಬಡವಳ ಮನೆಗೆ ಬರುವುದಿಲ್ಲ. ಹುಲ್ಲನ್ನು ಬೇಯಿಸುವ ಸೌದೆಯೂ ಉಳಿಯುತ್ತದೆ. ಕಾಡಿನ ಅಂಚಿನಲ್ಲಿ ಸೌದೆಯ ಉಳಿತಾಯವು ಎಷ್ಟರ ಮಾತೆಂಬುದನ್ನು ಅರಣ್ಯಾಧಿಕಾರಿಗಳಿಗೆ ನಾವು ವಿವರಿಸಬೇಕಾಗಿಲ್ಲ.

ಇದಕ್ಕೆ ಹಣವೆಲ್ಲಿ ಎಂಬ ಪ್ರಶ್ನೆಯನ್ನು ಮಾತ್ರ ದಯವಿಟ್ಟು ಯಾರೂ ಎತ್ತಬಾರದು. ಕೇಂದ್ರ ಸರ್ಕಾರದ ತೋಟಗಾರಿಕಾ ಅಭಿವೃದ್ಧಿ ಯೋಜನೆಯ 2014ರ ಮಾರ್ಗಸೂಚಿಯಲ್ಲಿ ಅಣಬೆಯ ಬೀಜದ ಘಟಕಕ್ಕೆ 15 ಲಕ್ಷ ರೂಪಾಯಿಗಳ ವೆಚ್ಚವನ್ನು ನಿಗದಿಮಾಡಿ, ಸರ್ಕಾರಿ ಸಂಸ್ಥೆಗಳು ಸ್ಥಾಪಿಸುವುದಾದರೆ ಪೂರ್ಣ ವೆಚ್ಚವನ್ನು ಕೊಡಬಹುದೆಂದು ಹೇಳಲಾಗಿತ್ತು. ಅಣಬೆ ಬೆಳೆಯುವ ಘಟಕಕ್ಕೆ 20 ಲಕ್ಷ ರೂಪಾಯಿ ಹಿಡಿದು, ಖಾಸಗಿಯವರಿಗೆ ಅದರಲ್ಲಿ ನೂರಕ್ಕೆ 40ರಂತೆ, ಬ್ಯಾಂಕಿನ ಸಾಲಕ್ಕೆ ಸೇರಿಸಿ ಕೊಡತಕ್ಕುದೆಂದಿತ್ತು. ಇಪ್ಪತ್ತು ಲಕ್ಷದ ಘಟಕವನ್ನು ಕಟ್ಟಬಲ್ಲವನಿಗೆ ಎಂಟು ಲಕ್ಷದ ಸಹಾಯ. ಎರಡು ಸಾವಿರದ ಚೀಲಗಳನ್ನು ಕಟ್ಟುವವಳಿಗೆ ಪ್ರಮಾಣಪತ್ರ! ಬೀಜದ ಘಟಕಕ್ಕೆ ಪೂರ್ಣ ವೆಚ್ಚವನ್ನು ಕೊಡತಕ್ಕ ಬಾಗಿಲು ತೆರೆದಿದ್ದ ಕಾಲದಲ್ಲಿ ಅದನ್ನು ಬಡಿದವರು ಹಿಂದುಳಿದ ತಾಲ್ಲೂಕುಗಳಿಂದ ಎಷ್ಟು ಮಂದಿ ಎಂಬುದನ್ನು ಇಲಾಖೆಯವರು ತಮ್ಮ ಕಡತಗಳಿಂದ ತಿಳಿಸಿದರೆ ಉಪಕಾರವಾದೀತು.

ಎರಡನೆಯ ತೂತು ಮಾರಾಟದ್ದು. ಊರಿನ ಹೆಸರಿನಲ್ಲೇ ಸಂತೆಯಿದೆ. ಅಣಬೆಗೆ ಮಾತ್ರ ಸಂತೆಯಿಲ್ಲ. ಅಣಬೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ಬೆಳಿಗ್ಗೆ ಕಿತ್ತುದು ಮರುದಿನಕ್ಕೆ ಬಾಡುತ್ತದೆ. ತಂಪುಪೆಟ್ಟಿಗೆಯಲ್ಲಿಟ್ಟರೆ ಮೂರು ನಾಲ್ಕು ದಿನ ನಿಂತೀತು. ವಾರಕ್ಕೊಮ್ಮೆ ಸೇರುವ ಸಂತೆಯಿಂದ ದಿನವೂ ಅರಳುವ ಬೆಳೆಗೆ ಏನು ಪ್ರಯೋಜನ? ಒಣಗಿಸಿ ಮಾರಬಹುದೆಂದು ಹೇಳುವವರು ಹತ್ತು ಕಿಲೋ ಹಸಿಯದು ಒಂದು ಕಿಲೋ ಒಣಗಿದುದಾಗುವುದೆಂಬುದನ್ನೂ, ಅಣಬೆಯು ಹೆಚ್ಚಾಗಿ ಬರುವ ಮಳೆಗಾಲದಲ್ಲಿ ಅಂತರಸಂತೆಯ ಕಡೆ ಬಟ್ಟೆಯೇ ಒಣಗುವುದು ಕಷ್ಟವೆಂಬುದನ್ನೂ ಮರೆಯಬಾರದು.

ಆದರೆ ಅಣಬೆಗಿಂತಲೂ ಬೇಗನೆ ಕೆಡುವ ಹಾಲು ಇದೇ ಹಳ್ಳಿಗಳಿಂದ ದಿನವೂ ಪಟ್ಟಣವನ್ನು ಸೇರುತ್ತಿದೆಯಲ್ಲವೆ? 1970ರ ದಶಕದ ಮಧ್ಯಭಾಗದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಮೈಸೂರು, ಹಾಸನ, ತುಮಕೂರು, ಬೆಂಗಳೂರು ಜಿಲ್ಲೆಗಳಲ್ಲಿ ಹಾಲಿನ ಸಹಕಾರ ಯೋಜನೆಯು ಆರಂಭವಾದಾಗಲೂ, ಅರ್ಧ ಲೀಟರು ಹಾಲನ್ನು ಹಳ್ಳಿಯಿಂದ ಹಳ್ಳಿಗೆ ಹೋಗಿ ಕೂಡಿಸುವುದು ಹುಚ್ಚಾಟವೆಂದವರಿದ್ದರು. ಇಂದು ಸಂಘದ ಬಾಗಿಲಲ್ಲಿ ಬೆಳಿಗ್ಗೆ ಸಂಜೆ ಸಾಲು ನಿಲ್ಲುತ್ತದೆ. ಎರಡು ಕಿಲೋ ಅಣಬೆಯನ್ನು ಹಿಡಿದು ಮೈಸೂರಿಗೆ ಬಸ್ಸಿನಲ್ಲಿ ಹೋಗುವವಳಿಗೆ ಲಾಭವಿಲ್ಲ. ಮೂವತ್ತು ಮನೆಗಳ ಎರಡೆರಡು ಕಿಲೋ ಒಂದೆಡೆ ಸೇರಿದರೆ ಲಾಭವುಂಟು. ಹಾಲಿನ ಸಂಘದ ಕೋಣೆಯಲ್ಲಿ ಒಂದು ತಂಪುಪೆಟ್ಟಿಗೆಯನ್ನಿಟ್ಟು, ಹಾಲಿನ ವಾಹನದಲ್ಲಿಯೇ ಅಣಬೆಯ ನಾಲ್ಕು ಬುಟ್ಟಿಗಳಿಗೆ ಸ್ಥಳವನ್ನು ಕೊಟ್ಟು, ಮೈಸೂರಿನ ಹಾಪ್‌ಕಾಮ್ಸ್ ಮಳಿಗೆಗಳಿಗೆ ಇಳಿಸುವ ಏರ್ಪಾಡನ್ನು ಹಾಲಿನ ಒಕ್ಕೂಟವೂ ತೋಟಗಾರಿಕಾ ಇಲಾಖೆಯೂ ಕುಳಿತು ಮಾತನಾಡಿ ಮಾಡಬಾರದೇಕೆ? ಬೆಟ್ಟಗುಡ್ಡದ ಉತ್ಪತ್ತಿಗಳನ್ನು ಕೊಳ್ಳುವುದಕ್ಕಾಗಿ ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘಗಳು ಈ ತಾಲ್ಲೂಕುಗಳಲ್ಲಿ ಏರ್ಪಟ್ಟಿವೆ. ಜೇನು, ಸೀಗೆಗಳಿಗೆ ಹುಟ್ಟಿದ ಆ ಸಂಘಗಳ ಕೆಲಸವು ಕಾಡಿನ ನಿರ್ಬಂಧಗಳಿಂದ ಕುಗ್ಗಿದೆ; ಹಾಡಿಯೊಳಗೇ ಬೆಳೆಯುವ ಅಣಬೆಯನ್ನು ತೂಗಿ ಕೊಳ್ಳುವುದಕ್ಕೆ ಯಾವ ಅರಣ್ಯ ಕಾಯಿದೆಯ ಅಡ್ಡಿಯೂ ಇಲ್ಲ.

ಮೈಸೂರಿನವರೆಗೂ ಹೋಗಬೇಕಾಗಿಯೂ ಇಲ್ಲ. ಅಂತರಸಂತೆಗೆ ಅನತಿದೂರದ ಕಾರಾಪುರದಲ್ಲಿ, ಹಿನ್ನೀರಿನ ದಡದಲ್ಲಿ, ಹುಲಿ ಆನೆಗಳನ್ನು ನೋಡಲು ದೇಶವಿದೇಶಗಳಿಂದ ಬರುವ ಧನಿಕರಿಗೆ ವಸತಿಗೃಹಗಳಿವೆ. ಅವುಗಳಲ್ಲಿ ಮೊದಲಿನದು ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯದೇ. ಅತಿಥಿಗಳ ತಟ್ಟೆಗೆ ಬರುವ ಅಣಬೆಯು ಯಾವ ಊರಿನದು? ಎದುರಿಗಿರುವ ಹಾಡಿಯದೇಕೆ ಆಗಬಾರದು? ಸರ್ಕಾರದ ವಸತಿಗೃಹವು ವಾರಕ್ಕಿಷ್ಟು ಕಿಲೋ ಈ ದರಕ್ಕೆಂದು ಒಂದು ಕಾಗದವನ್ನು ಬರೆದುಕೊಟ್ಟರೆ ಖಾಸಗಿಯವರೂ ಅದನ್ನು ಅನುಸರಿಸುವರು. ಅಂತೆಯೇ ಆಶ್ರಮ ಶಾಲೆಗಳೂ ವಿದ್ಯಾರ್ಥಿನಿಲಯಗಳೂ. ಜೇನುಕುರುಬರೇ ಮೊದಲಾದ ಮೂಲನಿವಾಸಿಗಳಿಗೆ ಸರ್ಕಾರವು ಬೇಳೆ, ಮೊಟ್ಟೆ, ತುಪ್ಪಗಳನ್ನು ಪೌಷ್ಟಿಕ ಆಹಾರವಾಗಿ ಒದಗಿಸುತ್ತಿದೆ. ಆ ತಟ್ಟೆಯಲ್ಲಿ ವಾರಕ್ಕೊಂದು ಹೊತ್ತು ಅಣಬೆಯ ಸಾರನ್ನು ಸೇರಿಸಿದರೆ, ಉಣ್ಣುವವರೂ ಅವರೇ, ಬೆಳೆದು ಹಣ ಪಡೆಯುವವರೂ ಅವರೇ ಆಗುವರು. ಅಣಬೆಯು ಮಾಂಸಕ್ಕೆ ಸಮಾನವೆಂಬ ಪ್ರಚಾರವನ್ನು ಮಾತ್ರ ನಾವು ಒಪ್ಪಲಾರೆವು. ಒಣಗಿದ ಅಣಬೆಯಲ್ಲಿ ಸಾರಜನಕದ ಅಂಶವು ಹೆಚ್ಚೇನೋ ನಿಜ. ಹಸಿಯ ನೂರು ಗ್ರಾಮಿನಲ್ಲಿರುವುದು ಸುಮಾರು ಮೂರು ಗ್ರಾಮು, ಒಂದು ಕೋಳಿಮೊಟ್ಟೆಯಲ್ಲಿರುವುದರ ಅರ್ಧ. ಮೊಟ್ಟೆಯನ್ನು ತೆಗೆದು ಅಣಬೆಯನ್ನಿಡುವ ಜಾಣತನವನ್ನು ಯಾರಾದರೂ ಸೂಚಿಸಿದರೆ ಅದನ್ನು ವಿರೋಧಿಸುವುದರಲ್ಲಿ ನಾವೇ ಮೊದಲಿಗರು.

ಪಟ್ಟಣದ ಕೆಲವು ಮನೆಗಳಲ್ಲಿ ಅಣಬೆಯೆಂದರೆ ಮೂಗು ಮುರಿಯುವುದುಂಟು. ಪತ್ರಿಕೆಗಳಲ್ಲಿಯೂ, ಬೇಡದ ವಸ್ತುಗಳು ಹೆಚ್ಚಿದರೆ ನಾಯಿಕೊಡೆಗಳಂತೆ ಎದ್ದಿವೆಯೆಂದು ಬರೆಯುವ ವಾಡಿಕೆಯಿದೆ. ಧರ್ಮಶಾಸ್ತ್ರಕಾರರು ಛತ್ರಾಕವನ್ನು ನಿಷಿದ್ಧ ಪದಾರ್ಥಗಳ ಸಾಲಿಗೆ ಸೇರಿಸಿದ್ದಾರೆ, ನಿಜ. ಅದೇ ಸಾಲಿನಲ್ಲಿ ಬೆಳ್ಳುಳ್ಳಿಯನ್ನೂ ಈರುಳ್ಳಿಯನ್ನೂ ಸೇರಿಸಿದ್ದಾರೆ. ಈರುಳ್ಳಿಯ ಹುಳಿಯನ್ನು ಎರಡು ಸಲ ಬಡಿಸಿಕೊಂಡು ಅಣಬೆಗೆ ಶಾಸ್ತ್ರವನ್ನು ಹೇಳುವವರೊಡನೆ ವಾದಿಸಲು ನಮಗೆ ಸಮಯವಿಲ್ಲ.

ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕಾಗಿದೆ. ಬೀಜವನ್ನೂ ಚೀಲವನ್ನೂ ತಾವೇ ಕೊಟ್ಟು ಬೆಳೆದುದನ್ನೆಲ್ಲ ತಾವೇ ಕೊಳ್ಳುವುದಾಗಿ ನಂಬಿಸಿ, ಮುಂಗಡವಾಗಿ ಸಾವಿರಗಟ್ಟಲೆ ಹಣವನ್ನು ಕೀಳುವ ವ್ಯಾಪಾರಿಗಳು ದೇಶದ ಹಲವೆಡೆ ಹುಟ್ಟಿಕೊಂಡಿದ್ದಾರೆ. ಮೊದಲ ಸುತ್ತನ್ನು ಕೊಂಡು, ಎರಡನೆಯದಕ್ಕೆ ಗುಣ ಸಾಲದೆಂದು ತಳ್ಳಿ, ಮೂರನೆಯದಕ್ಕೆ ಬಾಗಿಲು ಮುಚ್ಚುವುದು ಇಂಥವರ ಪದ್ಧತಿ. ಆ ಮುಂಗಡಕ್ಕಾಗಿ ಹೆಂಗಸರು ವಾರದ ಕಂತಿನ ಸಾಲವನ್ನು ಮಾಡಿದರೆ ಗತಿಯೇನು? ಸಣ್ಣ ಸಾಲಗಳ ವಸೂಲಿಯ ಕಿರುಕುಳವು ಮಿತಿಮೀರಿದುದರಿಂದಲೇ ರಾಜ್ಯ ಸರ್ಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತೆಂಬುದು ವಾಚಕರಿಗೆ ನೆನಪಿರಬಹುದು. ವಾರಕ್ಕೊಮ್ಮೆ ಕಂತು ಕೇಳುವ ಸಾಲವೂ ಇಪ್ಪತ್ತೈದು ದಿನ ಒಂದು ಕಾಸನ್ನೂ ಕೊಡದ ಬೆಳೆಯೂ ಒಂದೇ ಮನೆಯಲ್ಲಿ ಬಾಳಲಾರವು. ಮೊದಲ ಸುತ್ತನ್ನು ಇಪ್ಪತ್ತು ಚೀಲಗಳಿಂದ, ಕೈಯಲ್ಲಿರುವ ಹಣದಿಂದ, ಇರುವ ಮನೆಯ ಮೂಲೆಯಲ್ಲೇ ಮಾಡಬೇಕು. ಸಾಲವನ್ನು ಮಾಡಿ ಗುಡಿಸಿಲು ಕಟ್ಟುವುದು ಮೂರು ಸುತ್ತಿನ ಲೆಕ್ಕವನ್ನು ಬರೆದಿಟ್ಟ ಮೇಲಿನ ಮಾತು. ಮಲಗುವ ಕೋಣೆಯಲ್ಲಿ ಚೀಲವನ್ನು ತೂಗುಹಾಕುವುದೂ ಬೇಡ. ಬಲಿತ ಚಿಪ್ಪಣಬೆಯಿಂದ ಹಾರುವ ಧೂಳು ಕೆಲವರಿಗೆ ಕೆಮ್ಮನ್ನೂ ಉಬ್ಬಸವನ್ನೂ ತರುತ್ತದೆ.

ಹುಲ್ಲಿನ ಪ್ರಶ್ನೆಯನ್ನು ಕೇಳುವವರಿಗೆ ಉತ್ತರವು ನೆರೆಯಲ್ಲೇ ಇದೆ. ಕೋಟೆಯ ತಾಲ್ಲೂಕಿನಲ್ಲಿ ರಾಗಿಯ ಹುಲ್ಲು ದನಕ್ಕೇ ಸಾಲದು, ಅದಕ್ಕೆ ಕೈಹಾಕಬಾರದು. ಕಾವೇರಿಯ ನಾಲೆಗಳಿಂದ ಬತ್ತವನ್ನು ಬೆಳೆಯುವ ಕೃಷ್ಣರಾಜನಗರದಿಂದ ಸುಗ್ಗಿಯ ಕಾಲದಲ್ಲಿ ಹುಲ್ಲನ್ನು ಒಟ್ಟಾಗಿ ಕೊಂಡು ತಂದು ಸಂಘದ ಕಣದಲ್ಲಿ ಬಣವೆ ಹಾಕಿದರೆ ವರ್ಷವಿಡೀ ಒಂದೇ ದರಕ್ಕೆ ದೊರೆಯುತ್ತದೆ. ಅಣಬೆಯನ್ನು ಕಿತ್ತ ಮೇಲೆ ಉಳಿಯುವ ಹುಲ್ಲು ಒಳ್ಳೆಯ ಎರೆಗೊಬ್ಬರಕ್ಕೆ ಬರುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೋಟೆ ತಾಲ್ಲೂಕುಗಳಲ್ಲಿ ಹೊಗೆಸೊಪ್ಪನ್ನು ಬೇಯಿಸುವ ಬ್ಯಾರನ್ನುಗಳು ವರ್ಷದಲ್ಲಿ ಮೂರು ನಾಲ್ಕು ತಿಂಗಳು ಮಾತ್ರ ಉರಿದು ಮಿಕ್ಕ ಕಾಲವೆಲ್ಲ ಬೀಗ ಹಾಕಿಕೊಂಡಿರುತ್ತವೆ. ದಪ್ಪ ಗೋಡೆಯ, ಕತ್ತಲೆಯ ಆ ಕಟ್ಟಡಗಳಲ್ಲಿ ಬಿಡುವಿನ ತಿಂಗಳುಗಳಲ್ಲಿ ಅಣಬೆಯನ್ನು ಬೆಳೆಯಬಹುದೇ, ಹೊಗೆಸೊಪ್ಪಿನ ಸೋಂಕು ಅದಕ್ಕೆ ತಗಲುವುದೇ ಎಂಬುದನ್ನು ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದವರು ಪರೀಕ್ಷಿಸಿ ತಿಳಿಸಲೆಂದು ಕೋರುತ್ತೇವೆ. ಹೊಗೆಸೊಪ್ಪನ್ನು ಬಿಡಿರೆಂದು ರೈತನಿಗೆ ಬೋಧಿಸುವವರು ಬ್ಯಾರನ್ನಿನ ಖಾಲಿ ತಿಂಗಳುಗಳಿಗೊಂದು ಕಸುಬನ್ನು ತೋರಿಸುವುದರಿಂದ ಆರಂಭಿಸಿದರೆ ಅವರ ಮಾತಿಗೆ ತೂಕ ಬಂದೀತು.

ಅಧಿಕಾರಿಗಳೊಡನೆ ಈ ವಿಷಯವನ್ನು ಪ್ರಸ್ತಾಪಿಸಿದರೆ ದೊರೆಯುವ ಉತ್ತರವು ಇಷ್ಟು ಶಿಬಿರಗಳು, ಇಷ್ಟು ಮಂದಿ ಶಿಬಿರಾರ್ಥಿಗಳು ಎಂಬ ಅಂಕೆಗಳು. ಆ ಅಂಕೆಗಳನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವುಗಳಿಂದ ಬೀಜವು ಮೊಳೆತುದೂ ಇಲ್ಲ, ಬುಟ್ಟಿಯು ಮಾರಿದುದೂ ಇಲ್ಲ. ತೋಟಗಾರಿಕಾ ಇಲಾಖೆಯವರನ್ನೂ ತಾಲ್ಲೂಕು ಪಂಚಾಯತಿಯವರನ್ನೂ ನಾವು ಕೇಳುವುದು ಬೇರೊಂದು ಅಂಕೆ. ಎರಡು ವರ್ಷಗಳ ಹಿಂದೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ತರಬೇತಿ ಪಡೆದವರ ಪೈಕಿ ಈ ತಿಂಗಳು ಎಷ್ಟು ಮನೆಗಳಲ್ಲಿ ಚೀಲಗಳು ತೂಗುತ್ತಿವೆ? ನಿಲ್ಲಿಸಿದವರು ಬೀಜಕ್ಕಾಗಿ ನಿಲ್ಲಿಸಿದರೋ, ಮಾರಾಟಕ್ಕಾಗಿ ನಿಲ್ಲಿಸಿದರೋ? ಹೋಬಳಿವಾರು ವಿಂಗಡಿಸಿ ಕಳುಹಿಸಿಕೊಟ್ಟರೆ ಇದೇ ಪುಟದಲ್ಲಿ ಪ್ರಕಟಿಸುವೆವು.